ಹಂಚು ಕೈಯಾಡಿಸುವ ಮಾವ–ಅಳಿಯ: ಹಿರಿಯಡ್ಕದ ನಮ್ಮ ಮನೆಯ ಅನುಭವ

ನಮ್ಮದು ಉಡುಪಿ ಜಿಲ್ಲೆಯ ಹಿರಿಯಡ್ಕದ ಸಮೀಪ ಮುರಕಲ್ಲಿನ ಗೋಡೆಯ ಹಳೆಯ ಹಂಚಿನ ಮನೆ. ಅಡುಗೆಮನೆಯ ಮಾಡು (ಚಾವಣಿ) ದೊಡ್ಡ ಮಾಡಿಗೆ ಬಂದು ಕೂಡುವ ಮೂಲೆಯೊಂದಿದೆ. ನಾಲ್ಕು ಮಳೆಗಾಲ ಆ ಮೂಲೆಯ ಕೆಳಗೆ, ಅಕ್ಕಿ ಡಬ್ಬದ ಪಕ್ಕದಲ್ಲಿ, ಒಂದು ಬಕೆಟ್ ಕಾಯಂ ಇರುತ್ತಿತ್ತು. ರಾತ್ರಿ ಎರಡು ಸಲ ಎದ್ದು ಚೆಲ್ಲಬೇಕಿತ್ತು. ಈ ಸಲ ಬಕೆಟ್ ಬಚ್ಚಲಿಗೆ ಮರಳಿದೆ. ಅದಕ್ಕೆ ಕಾರಣರಾದ ಇಬ್ಬರ ಬಗ್ಗೆ ಬರೆಯಲೇಬೇಕೆನಿಸಿತು.

ಅವರಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಮಾವ ಮತ್ತು ಅಳಿಯ. ನೆರೆಮನೆಯವರಿಂದ ನಂಬರು ಸಿಕ್ಕಿತು. ಮಳೆಗೆ ಮುಂಚೆ ಹಂಚು ಕೈಯಾಡಿಸುವುದು, ಅಂದರೆ ಒಂದೊಂದನ್ನೂ ಎತ್ತಿ ನೋಡಿ ಒಡೆದದ್ದನ್ನು ಬದಲಿಸುವುದು, ಮಾಡಿನ ನೀರು ಹರಿಯುವ ದಂಬೆ ತೊಳೆಯುವುದು, ತೆಂಗಿನ ಒಣ ಮಡಲು ಇಳಿಸುವುದು, ಅಂಗಳದ ನೀರು ಹೋಗುವ ಕಣಿ ಬಿಡಿಸುವುದು, ಇಷ್ಟು ಅವರ ಕೆಲಸ.

ಎರಡು ವರ್ಷದ ಹಿಂದೆ ಜಾಹೀರಾತು ನೋಡಿ ಬೇರೊಬ್ಬರನ್ನು ಕರೆಸಿದ್ದೆ. ಯಂತ್ರದಿಂದ ರಭಸವಾಗಿ ನೀರು ಹೊಡೆದು, ಮೇಲೆ ಕೆಂಪು ಬಣ್ಣ ಬಳಿದು 22,000 ರೂಪಾಯಿ ತೆಗೆದುಕೊಂಡು ಹೋದರು. ಮಾಡು ಹೊಸ ಮದುಮಗಳ ಹಾಗೆ ಕಂಡಿತು, ಜೂನ್ ಮೊದಲ ವಾರಕ್ಕೇ ಮೂರು ಹೊಸ ಕಡೆ ಸೋರಿತು. ನೀರಿನ ಹೊಡೆತಕ್ಕೆ ಹಳೆಯ ಹಂಚುಗಳ ಅಂಚು ಹಾರಿಹೋಗಿತ್ತು, ಅದನ್ನು ಬಣ್ಣ ಮುಚ್ಚಿಟ್ಟಿತ್ತು. ಆ ದುಡ್ಡಿನ ನೋವು ನನಗೆ ಈಗಲೂ ಇದೆ.

ಈ ಮಾವ ಮಾಡಿಗೆ ಏರುವ ಮೊದಲು ಮನೆಯೊಳಗೆ ಬಂದರು. ದೀಪ ಆರಿಸಲು ಹೇಳಿ, ಕತ್ತಲೆಯಲ್ಲಿ ನಿಂತು ಮೇಲೆ ನೋಡಿದರು. ಸೂಜಿಮೊನೆಯಷ್ಟು ಬೆಳಕು ಕಂಡಲ್ಲೆಲ್ಲ ಪಕಾಸಿನ (ಮಾಡಿನ ಇಳಿಜಾರು ಮರದ) ಮೇಲೆ ಸೀಮೆಸುಣ್ಣದ ಗುರುತು ಹಾಕಿದರು. ಮೇಲೆ ಹತ್ತಿದ ಮೇಲೆ ಹಂಚಿನಡಿಯ ಅಡ್ಡಪಟ್ಟಿಯಾದ ರೀಪಿನ ಅಂದಾಜು ಹಿಡಿದು, ಹಂಚಿನ ಮೇಲೆ ಹಂಚು ಕೂತ ಜಾಗಕ್ಕೆ ಮಾತ್ರ ಹೆಜ್ಜೆ. ಒಂದೊಂದೇ ಹಂಚು ಎತ್ತಿ, ಒಂದು ಕೈಯಲ್ಲಿ ತೂಗಿ ಹಿಡಿದು, ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳುತ್ತಿದ್ದರು. ಗಟ್ಟಿ ಹಂಚು ಕಂಚಿನ ಬಟ್ಟಲಿನ ಹಾಗೆ ಕಿಣಿ ಎನ್ನುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕಿದ್ದರೆ ಸದ್ದು ಬೊದ್ದಾಗಿ ಅಲ್ಲೇ ಸಾಯುತ್ತದೆ. ಕೆಳಗೆ ನಿಂತಿದ್ದ ನನ್ನ ಅತ್ತೆ ಕಣ್ಣು ಮುಚ್ಚಿಕೊಂಡೇ "ಇದು ಹೋಯಿತು", "ಇದು ಒಳ್ಳೆಯದು" ಎನ್ನತೊಡಗಿದರು. ಎಂಬತ್ತೊಂದರ ವಯಸ್ಸಿನ ಅವರ ಕಿವಿ ಒಮ್ಮೆಯೂ ತಪ್ಪಲಿಲ್ಲ.

ಒಡೆದವು 41. ಬದಲಿಗೆ ಹೊಸ ಹಂಚು ತರಿಸೋಣ ಎಂದೆ. "ಬೇಡ ಅಮ್ಮ, ಹಲ್ಲು ಕೂಡುವುದಿಲ್ಲ" ಎಂದು ಹಂಚಿನ ಅಡಿ ತಿರುಗಿಸಿ ಕಾರ್ಖಾನೆಯ ಮುದ್ರೆ ತೋರಿಸಿದರು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಹಂಚು ಸುಟ್ಟಿವೆ. ಅಳತೆಯಲ್ಲಿ ಕೂದಲಷ್ಟು ವ್ಯತ್ಯಾಸವಿದ್ದರೂ ಒಂದರ ಅಂಚಿನ ಗಾಡಿ (ಉದ್ದದ ತಗ್ಗು ಗೆರೆ) ಇನ್ನೊಂದಕ್ಕೆ ಕೂರುವುದಿಲ್ಲ. ಕೆಡವಿದ ಮನೆಯೊಂದರಿಂದ ಅದೇ ಮುದ್ರೆಯ ಹಂಚು ಹುಡುಕಿ, ಒಂದಕ್ಕೆ 25 ರೂಪಾಯಿಯಂತೆ ತಂದರು.

ಸೋರುವ ಮೂಲೆಗೆ ಮಾತ್ರ ಹಂಚು ಕಾರಣವೇ ಅಲ್ಲ. ಎರಡು ಮಾಡು ಕೂಡುವಲ್ಲಿನ ತಗಡಿನ ದಂಬೆಯಲ್ಲಿ ಹಲಸಿನೆಲೆ ಕೊಳೆತು ಕಪ್ಪು ಗೊಬ್ಬರವಾಗಿತ್ತು, ಅದರಲ್ಲಿ ಅಶ್ವತ್ಥದ ಸಸಿ ಗೇಣುದ್ದ ಬೆಳೆದಿತ್ತು. ಹರಿಯಲು ದಾರಿಯಿಲ್ಲದ ನೀರು ಹಂಚಿನಡಿಗೆ ನುಗ್ಗಿ ಗೋಡೆಗೆ ಇಳಿಯುತ್ತಿತ್ತು. ಅಳಿಯ ಎರಡು ಬುಟ್ಟಿ ಮಣ್ಣು ಇಳಿಸಿ, ಸಸಿಯ ಬೇರನ್ನು ಎಳೆಎಳೆಯಾಗಿ ಬಿಡಿಸಿ, ಮೇಲಿನಿಂದ ನಾಲ್ಕು ಕೊಡ ನೀರು ಸುರಿದು ನೋಡಿದ. ಒಳಗೆ ಒಂದು ಹನಿಯೂ ಬರಲಿಲ್ಲ.

ಅಂಗಳದ ಕೆಲಸವೂ ಚೆನ್ನಾಗಿತ್ತು. 2020ರ ಸೆಪ್ಟೆಂಬರ್ 20ರ ಭಾನುವಾರ ಉಡುಪಿಯಲ್ಲಿ ನೆರೆ ಬಂದಿತ್ತಲ್ಲ, ಅಂದು ನಮ್ಮ ಅಂಗಳದ ನೀರು ಜಗಲಿಯ ಎರಡನೆಯ ಮೆಟ್ಟಿಲು ಮುಟ್ಟಿತ್ತು. ಕಲೆ ಇನ್ನೂ ಉಳಿದಿದೆ. ಮಾವ ಅದನ್ನು ತಾವಾಗಿಯೇ ಗಮನಿಸಿ, ಅಡಿಕೆ ಸಿಪ್ಪೆ ತುಂಬಿದ್ದ ಹಳೆಯ ಕಣಿಯನ್ನು ಬಿಡಿಸಿ ತೋಡಿನವರೆಗೆ ಇಳಿಜಾರು ಕೊಟ್ಟರು. ಬಾವಿಕಟ್ಟೆಯ ಹಾವಸೆ ಉಜ್ಜಿ, ನಡೆಯುವ ದಾರಿಗೆ ಸೋಗೆ ಹಾಸಿದರು. ಅತ್ತೆ ಬೀಳಬಾರದಲ್ಲ.

ಕೊರತೆಯನ್ನೂ ಹೇಳಬೇಕು. ಹೇಳಿದ ದಿನಕ್ಕಿಂತ ಐದು ದಿನ ತಡವಾಗಿ ಬಂದರು, ಬರುವುದಿಲ್ಲವೆಂದು ಫೋನು ಕೂಡ ಮಾಡಲಿಲ್ಲ. ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನಿಸಿದ ಮೇ ಕೊನೆಯ ಪತ್ತನಾಜೆ ಹತ್ತಿರ ಬಂದಾಗ ಐದು ದಿನ ಸಣ್ಣದಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದು, ನಮ್ಮ ಕಟ್ಟಿಗೆಯೆಲ್ಲ ಅಂಗಳದಲ್ಲೇ ನೆನೆದಿತ್ತು. ಒಡೆದ ಹಂಚುಗಳನ್ನು ಹಲಸಿನ ಮರದ ಬುಡದಲ್ಲಿ ರಾಶಿ ಹಾಕಿ ಹೋಗಿದ್ದಾರೆ, ಕೇಳಿದರೆ ನಾಳೆ ಎನ್ನುತ್ತಾರೆ. ಜಗಲಿಗೆ ಎರಚಲು ಹೊಡೆಯದಂತೆ ಮಡಲಿನ ತಟ್ಟಿ ಕಟ್ಟುವ ಕೆಲಸ ಅವರು ಮಾಡುವುದಿಲ್ಲ, ಅದಕ್ಕೆ ಬೇರೆ ಜನ ನೋಡಬೇಕು.

ಸಂಬಳ ಮಾವನಿಗೆ ದಿನಕ್ಕೆ 1,300, ಅಳಿಯನಿಗೆ 1,100. ಮೂರು ದಿನಕ್ಕೆ 7,200, ಹಂಚಿಗೆ 1,025, ಒಟ್ಟು 8,225 ರೂಪಾಯಿ. ಊಟ, ಚಹಾ ನಮ್ಮದು. ಹಂಚಿನ ಮನೆಯವರು ಇವರನ್ನು ಧೈರ್ಯವಾಗಿ ಕರೆಯಬಹುದು. ಮೇ ತಿಂಗಳಲ್ಲಿ ಫೋನು ಮಾಡಿದರೆ ಸಿಗುವುದಿಲ್ಲ. ಬರುವ ವರ್ಷ ವಿಷುವಿನ ಮರುದಿನ ಬರುವಂತೆ ಅತ್ತೆ ಈಗಲೇ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದಾರೆ.