ಹತ್ತಿ, ನಾರು, ಮೆಮೊರಿ ಫೋಮ್, ಲೇಟೆಕ್ಸ್: ನೋಯುವ ಸೊಂಟಕ್ಕೆ ಕರಾವಳಿಯಲ್ಲಿ ಯಾವ ಗಾದಿ?

ಕಾರವಾರದ ಬಾಡಿಗೆ ಮನೆಯಲ್ಲಿಯೂ ಶಿರಸಿ ಸಮೀಪದ ಊರ ಮನೆಯಲ್ಲಿಯೂ ಸೇರಿ, ಎಂಟು ವರ್ಷಗಳಲ್ಲಿ ನಾನು ನಾಲ್ಕು ಬಗೆಯ ಗಾದಿಗಳ ಮೇಲೆ ಮಲಗಿದ್ದೇನೆ. ಸೊಂಟ ನೋವು ಶುರುವಾದದ್ದು ಒಂದು ಅಡಿಕೆ ಸುಗ್ಗಿಯಲ್ಲಿ, ವಾರಗಟ್ಟಲೆ ಬಾಗಿ ಕುಳಿತು ಸುಲಿದ ಮೇಲೆ. ಎಲುಬಿನಲ್ಲಿ ದೋಷವಿಲ್ಲ, ಸ್ನಾಯುಗಳ ಬಿಗಿತ ಮಾತ್ರ ಎಂದು ವೈದ್ಯರು ಹೇಳಿದ್ದರಿಂದಲೇ ಗಾದಿಯ ಕಡೆ ಗಮನ ಹರಿಸಿದೆ. ಕಾಲಿಗೆ ಜೋಮು ಇಳಿಯುವವರು, ಮೂತ್ರದ ಹಿಡಿತ ತಪ್ಪಿದವರು ಗಾದಿ ಹುಡುಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನನ್ನ ತೂಕ 72 ಕಿಲೋ, ಮಲಗುವುದು ಮಗ್ಗುಲಾಗಿ. ಇವೆರಡನ್ನೂ ಮೊದಲೇ ಹೇಳುತ್ತಿರುವುದೇಕೆಂದರೆ, ತೂಕವೂ ಮಲಗುವ ಭಂಗಿಯೂ ಬೇರೆಯಾದವರಿಗೆ ಇದೇ ಗಾದಿ ಬೇರೆಯೇ ಫಲ ಕೊಡುತ್ತದೆ.

ಮೊದಲಿನದು ಊರಿನಿಂದ ತಂದ ಹತ್ತಿಯ ಗಾದಿ. ಹೊಸದಾಗಿ ಹಿಂಜಿಸಿ ತುಂಬಿದ ಮೊದಲ ಕೆಲವು ತಿಂಗಳು ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಆದರೆ ದೇಹದ ಭಾರ ಬೀಳುವ ಕಡೆ ಹತ್ತಿ ಒತ್ತಿಕೊಂಡು ಗಂಟಾಗುತ್ತದೆ. ವರ್ಷ ತುಂಬುವುದರೊಳಗೆ ನನ್ನ ಭುಜ ಮತ್ತು ಟೊಂಕದ ಎಲುಬು ನೇರವಾಗಿ ಹಲಗೆಯನ್ನೇ ಮುಟ್ಟುತ್ತಿದ್ದವು. ಬೆನ್ನು ನೋವಿಗೆ ಗಟ್ಟಿ ನೆಲವೇ ಮದ್ದು ಎಂದು ನಮ್ಮ ಮನೆಯ ಹಿರಿಯರು ನಂಬಿದ್ದರು, ನಾನೂ ನಂಬಿದ್ದೆ. ಆದರೆ ದೀರ್ಘಕಾಲದ ಸೊಂಟ ನೋವಿದ್ದ 313 ಜನರನ್ನು ಸ್ಪೇನಿನಲ್ಲಿ 90 ದಿನ ಗಮನಿಸಿ 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಟ್ಟಿ ಗಾದಿಗಿಂತ ಮಧ್ಯಮ ಗಡಸಿನ ಗಾದಿಯ ಮೇಲೆ ಮಲಗಿದವರಿಗೇ ಹೆಚ್ಚು ಉಪಶಮನ ಸಿಕ್ಕಿತ್ತು. ಮಗ್ಗುಲಾಗಿ ಮಲಗಿದಾಗ ಭುಜವೂ ಟೊಂಕವೂ ತುಸು ಇಳಿದು, ನಡುವೆ ಉಳಿಯುವ ಸೊಂಟದ ಟೊಳ್ಳಿಗೆ ಆಸರೆ ಸಿಕ್ಕರೆ ಮಾತ್ರ ಬೆನ್ನೆಲುಬು ನೆಟ್ಟಗೆ ನಿಲ್ಲುತ್ತದೆ. ಹಲಗೆಯಂಥ ಮೇಲ್ಮೈ ಆ ಇಳಿತಕ್ಕೆ ಎಡೆಗೊಡುವುದಿಲ್ಲ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಹತ್ತಿಗೆ ಬಿಸಿಲು ಕಾಣಿಸುವುದೇ ಕಷ್ಟ. ತೇವ ಹೀರಿದ ಗಾದಿ ಭಾರವಾಗಿ, ಅಡಿಯಲ್ಲಿ ಬೂಷ್ಟು ಕಟ್ಟುತ್ತದೆ.

ಎರಡನೆಯದಾಗಿ ಕೊಂಡದ್ದು ನಾಲ್ಕು ಇಂಚಿನ ತೆಂಗಿನ ನಾರಿನ ಗಾದಿ. ಸುರುಳಿ ಸುತ್ತಿದ ನಾರಿಗೆ ರಬ್ಬರ್ ಹಾಲನ್ನು ಸಿಂಪಡಿಸಿ, ಬಿಸಿಯಲ್ಲಿ ಗಟ್ಟಿಗೊಳಿಸಿ ಹಾಳೆ ಮಾಡುತ್ತಾರೆ. ಎಳೆಗಳ ನಡುವೆ ಗಾಳಿ ಓಡಾಡುವುದರಿಂದ ಆಷಾಢದಲ್ಲಿಯೂ ಇದು ಬೇಗ ಒಣಗುತ್ತದೆ. ಈ ಒಂದು ಗುಣಕ್ಕಾಗಿಯೇ ಕರಾವಳಿಯವರು ಇದನ್ನು ಮೊದಲು ನೋಡಬೇಕೆಂದು ನನಗೆ ಅನಿಸುತ್ತದೆ. ಅಂಗಡಿಯಲ್ಲಿ ಇದನ್ನು ಆರ್ಥೋಪೆಡಿಕ್ ಎಂದು ಹೇಳಿ ಹೆಚ್ಚಿನ ಬೆಲೆಗೆ ಕೊಟ್ಟರು, ಆದರೆ ಆ ಹೆಸರಿನ ಹಿಂದೆ ವೈದ್ಯಕೀಯ ಪರೀಕ್ಷೆ ಇರಲೇಬೇಕೆಂದಿಲ್ಲ. ನನಗೆ ಇದು ಮೊದಲ ವರ್ಷ ಅತಿ ಗಟ್ಟಿಯಾಗಿತ್ತು, ಮೂರನೆಯ ವರ್ಷದ ಹೊತ್ತಿಗೆ ನಡುವೆ ಕುಸಿದಿತ್ತು. ಕುಸಿದದ್ದಕ್ಕೆ ಗಾದಿಯನ್ನಷ್ಟೇ ದೂರುವಂತಿರಲಿಲ್ಲ: ಮಂಚದ ಹಲಗೆಗಳ ನಡುವೆ ಅಂಗೈ ತೂರುವಷ್ಟು ಸಂದು ಇತ್ತು, ಒಂದು ಹಲಗೆ ಬಾಗಿಯೂ ಇತ್ತು. ಅವುಗಳನ್ನು ಎರಡು ಇಂಚಿನ ಅಂತರಕ್ಕೆ ಹೊಂದಿಸಿ, ಗಾದಿಯನ್ನು ಮೂರು ತಿಂಗಳಿಗೊಮ್ಮೆ ತಲೆ-ಕಾಲು ಬದಲಿಸಿ ಹಾಕತೊಡಗಿದ ಮೇಲೆ ಬೆಳಗಿನ ಬಿಗಿತ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಸಂದೇ ಇಲ್ಲದಂತೆ ಪ್ಲೈವುಡ್ ಹೊದಿಸುವುದೂ ಸರಿಯಲ್ಲ, ತೇವ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಮೆಮೊರಿ ಫೋಮ್ ಕೊಂಡದ್ದು ಜಾಹೀರಾತು ನೋಡಿ. 1966ರಲ್ಲಿ ನಾಸಾದ ಆಸನಗಳಿಗಾಗಿ ರೂಪುಗೊಂಡ ಈ ಫೋಮ್ ಬಿಸಿ ತಾಗಿದರೆ ಮೆತ್ತಗಾಗುತ್ತದೆ, ತಂಪಿನಲ್ಲಿ ಗಡಸಾಗುತ್ತದೆ. ಮೇ ತಿಂಗಳ ಕಾರವಾರದಲ್ಲಿ ಟೊಂಕ ಅದರೊಳಗೆ ಆಳಕ್ಕೆ ಇಳಿದು, ಮಗ್ಗುಲು ಬದಲಿಸಲು ತೊಡೆಯ ಬಲ ಹಾಕಬೇಕಾಗುತ್ತಿತ್ತು, ಬೆನ್ನು ಬೆವರಿ ನಡುರಾತ್ರಿ ಎಚ್ಚರವಾಗುತ್ತಿತ್ತು. ಅದನ್ನೇ ದೇವಿಮನೆ ಘಟ್ಟ ಹತ್ತಿಸಿ ಊರಿಗೆ ಒಯ್ದು ಡಿಸೆಂಬರಿನ ಚಳಿಯಲ್ಲಿ ಹಾಸಿದಾಗ, ಮಲಗಿದ ಮೊದಲ ಕಾಲು ಗಂಟೆ ಅದು ಮಣೆಯಂತಿತ್ತು. ಅಂಗಡಿಯ ಎಸಿ ಕೋಣೆಯಲ್ಲಿ ಐದು ನಿಮಿಷ ಒರಗಿ ಇಂಥದ್ದನ್ನು ಆರಿಸುವುದು ಎಷ್ಟು ತಪ್ಪು ಎಂಬುದು ನನಗೆ ಮನದಟ್ಟಾದದ್ದು ಆಗಲೇ. ಫೋಮ್ ಕೊಳ್ಳುವವರು ಸಾಂದ್ರತೆಯ ಸಂಖ್ಯೆಯನ್ನು ಕೇಳಿ ತಿಳಿಯಬೇಕು, ಆದರೆ ಒಂದು ಘನ ಮೀಟರಿಗೆ 40 ಕಿಲೋ ಎಂದರೆ 32ಕ್ಕಿಂತ ಗಟ್ಟಿ ಎಂದಲ್ಲ; ಸಾಂದ್ರತೆ ಮುಖ್ಯವಾಗಿ ಬಾಳಿಕೆಯನ್ನು ತಿಳಿಸುತ್ತದೆ, ಗಡಸುತನ ಬೇರೆಯೇ ಅಳತೆ.

ಈಗ ನಾನು ಮಲಗುತ್ತಿರುವುದು ನಾಲ್ಕು ಇಂಚಿನ ನಾರಿನ ಮೇಲೆ ಎರಡು ಇಂಚಿನ ನೈಸರ್ಗಿಕ ಲೇಟೆಕ್ಸ್ (ರಬ್ಬರ್ ಹಾಲಿನಿಂದ ಮಾಡಿದ ಫೋಮ್) ಕೂಡಿಸಿದ ಗಾದಿಯಲ್ಲಿ. ಲೇಟೆಕ್ಸ್ ಒತ್ತಿದಷ್ಟೇ ಬೇಗ ಮರಳಿ ಏಳುವುದರಿಂದ ಮಗ್ಗುಲು ಬದಲಿಸಲು ಶ್ರಮವಿಲ್ಲ. ಕೆಳಗಿನ ನಾರು ಸೊಂಟ ಕುಸಿಯದಂತೆ ತಡೆಯುತ್ತದೆ. ಕೊಳ್ಳುವ ಮುನ್ನ ಮನೆಯಲ್ಲಿ ಮೂರು ವಾರ ಪರೀಕ್ಷಿಸುವ ಅವಕಾಶ ಕೇಳಿ ಪಡೆದೆ, ಪ್ರತಿ ದಿನ ಎದ್ದ ಕೂಡಲೇ ಸಾಕ್ಸ್ ಹಾಕಿಕೊಳ್ಳಲು ಬಾಗುವಾಗ ನೋವು ಎಷ್ಟಿತ್ತೆಂದು ಬರೆದಿಟ್ಟೆ. ಎರಡನೆಯ ವಾರದಿಂದ ಬರೆಯುವಂಥ ನೋವೇ ಇರಲಿಲ್ಲ. ಕೊರತೆಗಳೂ ಇವೆ. ನಾರಿನ ಗಾದಿಯ ಎರಡರಷ್ಟು ಬೆಲೆ ತೆತ್ತೆ, ಒಬ್ಬರೇ ಎತ್ತಲಾಗದಷ್ಟು ಭಾರ, ಮತ್ತು ನೇರ ಬಿಸಿಲಿಗೆ ಲೇಟೆಕ್ಸ್ ಒಡೆದು ಪುಡಿಯಾಗುತ್ತದೆಯಾದ್ದರಿಂದ ಅಂಗಳದಲ್ಲಿ ಒಣಗಿಸುವಂತಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗೋಡೆಗೆ ಆನಿಸಿ ನಿಲ್ಲಿಸಿ ಫ್ಯಾನ್ ಹಾಕುತ್ತೇವೆ.

ಊರಿನಲ್ಲಿ ತಂದೆಯವರು ಹತ್ತಿಯ ಗಾದಿಯನ್ನು ಬಿಟ್ಟಿಲ್ಲ, ಬಿಡಿಸುವ ಅಗತ್ಯವೂ ನನಗೆ ಕಂಡಿಲ್ಲ. ಅವರದು 50 ಕಿಲೋ ಮೀರದ ಹಗುರ ದೇಹ, ಮಲಗುವುದು ಅಂಗಾತ, ಮೊಣಕಾಲಿನಡಿ ಒಂದು ತಲೆದಿಂಬು ಇಟ್ಟುಕೊಂಡು. ಪ್ರತಿ ಬೇಸಿಗೆಯಲ್ಲಿ ಹತ್ತಿಯನ್ನು ಹಿಂಜಿಸಿ ಕೊಡುವುದಷ್ಟೇ ನನ್ನ ಪಾಲಿನ ಕೆಲಸ.