ಹೋಲ್‌ಸ್ಟರ್‌ಗೆ ಕ್ರೋಮ್ ತೊಗಲಾ, ವೆಜ್ ಟ್ಯಾನಾ?

ನನ್ನ ಓಟು ವೆಜ್ ಟ್ಯಾನ್‌ಗೆ, ಅಂದರೆ ಮರದ ತೊಗಟೆಯ ಒಗರಿನಲ್ಲಿ ಹದ ಮಾಡಿದ ತೊಗಲಿಗೆ. ಒಂದು ಹೋಲ್‌ಸ್ಟರ್ (ಪಿಸ್ತೂಲು ಇಡುವ ತೊಗಲಿನ ಚೀಲ) ಕೆಡಿಸಿಕೊಂಡ ಮೇಲೆ ಬಂದ ಬುದ್ಧಿ ಇದು.

ಮೊದಲ ಸಲ ಕ್ರೋಮ್ ತೊಗಲು, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು, ತಂದಿದ್ದೆ. ಅಗ್ಗ, ಬಣ್ಣ ಹಾಕಿಯೇ ಬಂದಿತ್ತು, ಮುಟ್ಟಿದರೆ ಮೆತ್ತಗೆ. ಆ ಮೆತ್ತಗಿರುವುದೇ ಮುಳುವಾಯಿತು. ಪಿಸ್ತೂಲು ಹೊರಗೆ ತೆಗೆದ ಮೇಲೂ ಹೋಲ್‌ಸ್ಟರಿನ ಬಾಯಿ ತೆರೆದೇ ಇರಬೇಕು. ನನ್ನದು ಖಾಲಿ ಚೀಲದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ವಾಪಸ್ ಇಡಬೇಕಾದರೆ ಇನ್ನೊಂದು ಕೈಯಿಂದ ಬಾಯಿ ಬಿಡಿಸಬೇಕು. ಅಂದರೆ ನಳಿಕೆಯ ಮುಂದೆ ನನ್ನದೇ ಬೆರಳು!

ಪುಣ್ಯಕ್ಕೆ ನಾನು ಅಳತೆಗೆ ಇಟ್ಟುಕೊಂಡಿದ್ದು ನೀಲಿ ಪ್ಲಾಸ್ಟಿಕ್ ಡಮ್ಮಿ. ಒಮ್ಮೆ ಬಾಯಿಯ ಅಂಚು ಒಳಕ್ಕೆ ಮಡಚಿಕೊಂಡು ಸೀದಾ ಟ್ರಿಗರ್ ಗಾರ್ಡಿನೊಳಗೆ, ಅಂದರೆ ಟ್ರಿಗರ್ ಸುತ್ತಲಿನ ಬಳೆಯೊಳಗೆ, ತೂರಿತು. ಗುಂಡು ತುಂಬಿದ ಪಿಸ್ತೂಲಾಗಿದ್ದರೆ ಆ ಮಡಿಕೆಯೇ ಟ್ರಿಗರ್ ಒತ್ತಿಬಿಡಬಹುದಿತ್ತು, ಅಲ್ವಾ? ಬಾಯಿಗೆ ಇನ್ನೊಂದು ಪಟ್ಟಿ ಕೂರಿಸಿ ಹೊಲಿದೆ. ಬಾಯಿ ನಿಂತಿತು, ನಡು ಜೋತುಬಿತ್ತು. ನೀರಲ್ಲಿ ನೆನೆಸಿ ಡಮ್ಮಿಯ ಮೇಲೆ ಒತ್ತಿ ಒಣಗಿಸಿದೆ. ಮಾರನೆಯ ದಿನ ನೋಡಿದರೆ ಮತ್ತೆ ಅದೇ ಚಿಂದಿಬಟ್ಟೆ. ಕ್ರೋಮ್ ತೊಗಲು ಹೀಗೆ ಆಕಾರ ಹಿಡಿಯುವುದಿಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ವಾರಗಟ್ಟಲೆ ಹದವಾಗುವ ವೆಜ್ ಟ್ಯಾನ್ ಆಕಾರ ಹಿಡಿಯುತ್ತದೆ. ಎರಡನೆಯದಕ್ಕೆ 8–9 ಔನ್ಸಿನದು ತೆಗೆದುಕೊಂಡೆ, ಅಂದರೆ ಸುಮಾರು 3.2ರಿಂದ 3.6 ಮಿಲಿಮೀಟರ್ ದಪ್ಪ. ಹೊಲಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಡಮ್ಮಿಯನ್ನು ತೂರಿಸಿ, ಹೆಬ್ಬೆರಳಿನಿಂದ ಒತ್ತುತ್ತಾ ಕೂತೆ. ಒಣಗಿದಾಗ ಟ್ರಿಗರ್ ಗಾರ್ಡಿನ ಬಳುಕು ಮೇಲೆಯೇ ಕಾಣುತ್ತಿತ್ತು. ಡಮ್ಮಿ ಎಳೆದೆ, ಬಾಯಿ ಅಲ್ಲಾಡಲಿಲ್ಲ. ಅವಸರಕ್ಕೆ ಜಾಸ್ತಿ ಬಿಸಿ ತಾಗಿಸಬೇಡಿ, ತೊಗಲು ಮುದುಡುತ್ತದೆ. ಎಣ್ಣೆಯೂ ಅಷ್ಟೆ, ಸುಮ್ನೆ ಕುಡಿಸುತ್ತಾ ಹೋದರೆ ಮತ್ತೆ ಮೆತ್ತಗಾಗುತ್ತದೆ.

ಅಂಚನ್ನು ಒದ್ದೆ ಮಾಡಿ ಉಜ್ಜಿದರೆ ವೆಜ್ ಟ್ಯಾನ್ ಗಾಜಿನ ಹಾಗೆ ನುಣುಪಾಗುತ್ತದೆ, ಕ್ರೋಮ್ ಆಗುವುದಿಲ್ಲ. ನೀರು, ಬೆವರು ತಡೆಯುವುದರಲ್ಲಿ ಮಾತ್ರ ಕ್ರೋಮೇ ಮೇಲು. ಪಿಸ್ತೂಲನ್ನು ತಿಂಗಳುಗಟ್ಟಲೆ ಒಳಗೇ ಬಿಟ್ಟಿಡಲು ಎರಡೂ ಬೇಡ, ತೇವಕ್ಕೆ ತುಕ್ಕು ಹಿಡಿಯುತ್ತದೆ.

ವೆಜ್ ಟ್ಯಾನ್‌ಗೆ ದುಡ್ಡು ಜಾಸ್ತಿ ಹೌದು. ಆದರೆ ನನ್ನದು ಎರಡು ಸೂಜಿ, ಒಂದು ಮೇಣದ ದಾರದ ಕೈಹೊಲಿಗೆ. ತಿಂಗಳಿಗೆ ಒಂದು ಮುಗಿದರೆ ದೊಡ್ಡದು. ಇಡೀ ತೊಗಲು ಕೊಳ್ಳುವುದಿಲ್ಲ, ಭುಜದ ಭಾಗದ ತುಂಡು ಸಾಕು. ಆ ಕ್ರೋಮ್ ಹೋಲ್‌ಸ್ಟರನ್ನು ಬಿಚ್ಚಿ ಸೂಜಿ, ದಾರ ಇಡುವ ಚೀಲ ಮಾಡಿಕೊಂಡಿದ್ದೇನೆ. ಅದಕ್ಕಂತೂ ಹೇಳಿ ಮಾಡಿಸಿದ ಹಾಗಿದೆ.