28 ಖಾನೆಯ ಮಾತ್ರೆ ಡಬ್ಬಿ: ಹಾಸಿಗೆ ಹಿಡಿದವರಿರುವ ಮನೆಗೆ ಸಾಕಾ?

ತಗೊಳ್ಳಿ, ಆದರೆ ಜೊತೆಗೆ ಒಂದು ನೋಟ್‌ಬುಕ್ಕೂ ತಗೊಳ್ಳಿ. ಈ ಡಬ್ಬಿ ಬಗ್ಗೆ ಕೇಳುವವರಿಗೆಲ್ಲ ನಾನು ಹೇಳುವುದು ಇಷ್ಟೇ.

ನಮ್ಮ ಅತ್ತೆಗೆ ಕ್ಯಾನ್ಸರ್ ಇತ್ತು. ಇನ್ನು ಗುಣವಾಗುವುದಿಲ್ಲ, ನೋವಿಲ್ಲದ ಹಾಗೆ ನೋಡಿಕೊಳ್ಳಿ ಅಂದ ಮೇಲೆ ಹೊಸನಗರದ ಹತ್ತಿರದ ಮನೆಗೇ ಕರೆತಂದೆವು. ಡಬ್ಬಿ ಕೊಂಡಿದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, 300 ರೂಪಾಯಿಗೆ. 7 ದಿನಕ್ಕೆ 7 ಪಟ್ಟಿ, ಒಂದೊಂದರಲ್ಲಿ 4 ಖಾನೆ. ಪಟ್ಟಿಗಳನ್ನು ಬಿಡಿಬಿಡಿಯಾಗಿ ತೆಗೆಯಬಹುದು, ಹಾಗಾಗಿ ಆವತ್ತಿನದ್ದು ಮಾತ್ರ ಹಾಸಿಗೆ ಪಕ್ಕ ಇಟ್ಟರೆ ಆಯಿತು. ರೋಗಿಯನ್ನು ನೋಡಿಕೊಳ್ಳುವವರು ಒಬ್ಬರೇ ಇರುವುದಿಲ್ಲ ಅಲ್ವಾ? ಬೆಳಿಗ್ಗೆ ನಾನು, ಮಧ್ಯಾಹ್ನ ನಾದಿನಿ, ರಾತ್ರಿ ಇವರು. ಮಾತ್ರೆ ಕೊಟ್ಟಾಯಿತಾ ಅಂತ ಕೇಳೋಣ ಅಂದರೆ ತೋಟದಲ್ಲಿ ಇದ್ದವರ ಫೋನಿಗೆ ಸಿಗ್ನಲ್ ಇರುವುದಿಲ್ಲ. ಖಾನೆ ಖಾಲಿ ಇದ್ದರೆ ಕೊಟ್ಟಾಗಿದೆ, ಅಷ್ಟೇ. ಮುಚ್ಚಳದ ಮೇಲಿನ ಇಂಗ್ಲಿಷ್ ಅಕ್ಷರ ತೀರಾ ಸಣ್ಣದು, ಅದರ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ ಕನ್ನಡದಲ್ಲಿ ಬರೆದುಕೊಂಡೆವು.

ಮಳೆಗಾಲಕ್ಕೆ ಮಾತ್ರ ಇದು ಆಗಿಬರುವುದಿಲ್ಲ. ಮುಚ್ಚಳ ಬಿಗಿಯಾಗಿಲ್ಲ, ಆಷಾಢದ ಥಂಡಿಗೆ ಬಿಡಿ ಮಾತ್ರೆ ಮೆತ್ತಗಾಗುತ್ತದೆ. ಸ್ಟ್ರಿಪ್ಪನ್ನೇ ಕತ್ತರಿಸಿ ಕವಚದ ಸಮೇತ ಹಾಕಿ, ವಾರಕ್ಕೆ ಬೇಕಾದಷ್ಟನ್ನೇ ತುಂಬಿ.

ಇನ್ನು ಮುಖ್ಯ ವಿಷಯ, ಜೋರು ನೋವಿಗೆ ಕೊಡುವ ಔಷಧಿ ಮಾರ್ಫಿನ್. ಕೊನೆಯ ದಿನಗಳಲ್ಲಿ ಮನೆಯವರಿಗೆಲ್ಲ ಅದರದ್ದೇ ಯೋಚನೆ. ಅದೇ ಈ ಡಬ್ಬಿಯಲ್ಲಿ ಕೂರುವುದಿಲ್ಲ. ಸಾದಾ ಮಾರ್ಫಿನ್ ಮಾತ್ರೆಯನ್ನು ಸಾಮಾನ್ಯವಾಗಿ 4 ಗಂಟೆಗೊಮ್ಮೆ ಕೊಡುತ್ತಾರೆ, ಅಂದರೆ ದಿನಕ್ಕೆ 6 ಸಲ, ಇಲ್ಲಿರುವುದು 4 ಖಾನೆ. ನಡುವೆ ನೋವು ಎದ್ದರೆ ಕೊಡಲು ಡಾಕ್ಟರ್ ಬರೆದುಕೊಟ್ಟ ಹೆಚ್ಚುವರಿ ಡೋಸ್ ಬೇರೆ, ಅದಕ್ಕೆ ಗೊತ್ತಾದ ಹೊತ್ತೇ ಇಲ್ಲ. ನೋಟ್‌ಬುಕ್ ಬೇಕಾಗುವುದು ಇಲ್ಲೇ. ಎಷ್ಟು ಹೊತ್ತಿಗೆ ಕೊಟ್ಟೆವು, ಕೊಟ್ಟ ಮೇಲೆ ನೋವು ಇಳಿಯಿತಾ, ನಿದ್ದೆ ಬಂತಾ, ಮಲ ಸರಿಯಾಗಿ ಹೋಯಿತಾ, ಎಲ್ಲ ಬರೆದಿಡಿ. ಮನೆಗೆ ಬರುತ್ತಿದ್ದ ನರ್ಸ್ ಡಬ್ಬಿ ತೆರೆದೇ ನೋಡಲಿಲ್ಲ, ಅವರು ನೋಡಿದ್ದು ಆ ನೋಟ್‌ಬುಕ್ ಒಂದನ್ನೇ. ಹೆಚ್ಚುವರಿ ಡೋಸ್ ಜಾಸ್ತಿ ಆಗುತ್ತಿದೆ ಅಂತ ಗೊತ್ತಾಗಿದ್ದೂ, ಡಾಕ್ಟರನ್ನು ಕೇಳಿ ದಿನದ ಡೋಸ್ ಏರಿಸಿದ್ದೂ ಅದರಿಂದಲೇ. ಮಾರ್ಫಿನ್ ಶುರುವಾದರೆ ಬಹುತೇಕ ಎಲ್ಲರಿಗೂ ಮಲಬದ್ಧತೆ ಬರುತ್ತದೆ, ಹಾಗಾಗಿ ಮಲ ಸಡಿಲವಾಗಲು ಬರೆದುಕೊಟ್ಟ ಔಷಧಿಯನ್ನು ತಪ್ಪಿಸಬೇಡಿ. ಅದು ಸಿರಪ್ಪಾದರೆ ಡಬ್ಬಿಗೆ ಸೇರುವುದಿಲ್ಲ, ಕಣ್ಣಿಗೆ ಬೀಳದಿದ್ದರೆ ಮರೆತೇ ಹೋಗುತ್ತದೆ.

ನೋಡಲು ಬಂದ ನೆಂಟರು ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಅಂತ ಹೇಳುವುದುಂಟು. ಕೇಳಬೇಡಿ. ನೋವಿಗೆ ತಕ್ಕ ಡೋಸ್ ಸಾವನ್ನು ಹತ್ತಿರ ತರುವುದಿಲ್ಲ. ಹೆದರಿ ಡೋಸ್ ತಪ್ಪಿಸಿದರೆ ನೋವು ತಿನ್ನುವವರು ಹಾಸಿಗೆಯಲ್ಲಿರುವವರು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ.

ಡಬ್ಬಿ ತುಂಬಲು ಕೂತಾಗಲೇ ಒಂದೊಂದು ಮಾತ್ರೆಗೂ ಇದು ಈಗ ಯಾಕೆ ಅಂತ ಡಾಕ್ಟರನ್ನು ಕೇಳಲು ಪಟ್ಟಿ ಮಾಡಿಕೊಳ್ಳಿ. ಕೊಲೆಸ್ಟರಾಲ್ ಮಾತ್ರೆ, ವಿಟಮಿನ್ ಇವೆಲ್ಲ ಆ ಹಂತದಲ್ಲಿ ಹೆಚ್ಚಾಗಿ ಬೇಕಾಗುವುದಿಲ್ಲ, ನುಂಗಲಾಗದವರಿಗೆ ಸುಮ್ನೆ ಹಿಂಸೆ. ಆದರೆ ನೀವಾಗಿ ನಿಲ್ಲಿಸಬೇಡಿ. ನುಂಗಲು ಕಷ್ಟವಾಯಿತು ಅಂತ ಎಲ್ಲವನ್ನೂ ಪುಡಿ ಮಾಡಿ ಕೊಡಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಮಾರ್ಫಿನ್ ಮಾತ್ರೆ ಪುಡಿಯಾದರೆ ಇಡೀ ಡೋಸ್ ಒಟ್ಟಿಗೇ ಮೈಗೆ ಸೇರುತ್ತದೆ, ಅದು ಅಪಾಯ. ನಾಲಿಗೆ ಕೆಳಗೆ ಇಡುವ ಔಷಧಿ, ಚರ್ಮದಡಿ ಕೊಡುವ ಇಂಜೆಕ್ಷನ್, ಹೀಗೆ ಬೇರೆ ದಾರಿಗಳಿವೆ. ಆ ಸ್ಥಿತಿ ಬರುವ ಮುಂಚೆಯೇ ಕೇಳಿಟ್ಟುಕೊಳ್ಳಿ.

ಮಾರ್ಫಿನ್ ಎಲ್ಲ ಮೆಡಿಕಲ್‌ನಲ್ಲೂ ಸಿಗುವುದಿಲ್ಲ. ಅದು ಮಾದಕ ವಸ್ತುಗಳ ಕಾನೂನಿನಡಿ ಬರುತ್ತದೆ, 2014ರಲ್ಲಿ ಆ ಕಾನೂನು ಸಡಿಲವಾದರೂ ಅನುಮತಿ ಇರುವ ಕಡೆಯೇ ಹೋಗಬೇಕು. ಮಳೆಗೆ ಮರ ಬಿದ್ದು ರಸ್ತೆ ಬಂದಾದರೆ ಏನು ಮಾಡುತ್ತೀರಿ? ಪ್ರತಿ ವಾರ ಡಬ್ಬಿ ತುಂಬುವಾಗಲೇ ಮಾರ್ಫಿನ್ ಎಷ್ಟು ಉಳಿದಿದೆ ಅಂತ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಮುಗಿಯುವ ಮುಂಚೆ ತರಿಸಿ.

ಡಬ್ಬಿಗೆ ನಾನು 5ಕ್ಕೆ 3 ಕೊಡುತ್ತೇನೆ. ಒಂದು ಅಂಕ ಕಳೆದಿದ್ದು ಥಂಡಿಗೆ, ಇನ್ನೊಂದು ಮುಚ್ಚಳಕ್ಕೆ, ಚಿಕ್ಕ ಮಗುವೂ ಅದನ್ನು ತೆರೆಯಬಲ್ಲದು. ಮಕ್ಕಳಿರುವ ಮನೆಯಾದರೆ ಮಾರ್ಫಿನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಉಳಿದಿದ್ದನ್ನು ಕೊಟ್ಟ ಆಸ್ಪತ್ರೆಗೇ ವಾಪಸ್ ಮಾಡಿ.